ಚಿತ್ರ ನೋಡುವ ಕಣ್ಣು, ಚಿತ್ರ ಬರೆಯುವ ಕೈ

2018ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದ ಲಲಿತಕಲಾ ಸಂಗ್ರಹಾಲಯವೂ ಅಲ್ಲಿಯ ಫ್ರೆಂಚ್ ಭಾಷಿಕ ವೈದ್ಯರ ಸಂಘವೂ ಕೂಡಿ ಒಂದು ಹೊಸ ಏರ್ಪಾಡನ್ನು ಆರಂಭಿಸಿದವು. ಆ ಸಂಘದ ವೈದ್ಯರು ತಮ್ಮಲ್ಲಿಗೆ ಬಂದ ರೋಗಿಗೆ ಗುಳಿಗೆ, ಟಾನಿಕ್ಕುಗಳ ಜೊತೆಗೆ ಚಿತ್ರಗಳನ್ನು ನೋಡಿ ಬರುವಂತೆಯೂ ಚೀಟಿ ಬರೆದುಕೊಡಬಹುದಾಗಿತ್ತು. ಆ ಚೀಟಿಯನ್ನು ತೋರಿಸಿದ ರೋಗಿಗೂ ಅವನ ಜೊತೆಗೆ ಬಂದ ಮನೆಯವರಿಗೂ ಸಂಗ್ರಹಾಲಯದಲ್ಲಿ ಉಚಿತ ಪ್ರವೇಶವಿತ್ತು.

ಈ ಸುದ್ದಿಯನ್ನು ಕೇಳಿದರೆ ನಮ್ಮವರಲ್ಲಿ ಹಲವರು ನಕ್ಕಾರು. ಮೊಣಕಾಲು ನೋವಿಗೆ, ನಿದ್ರೆ ಬಾರದ ರಾತ್ರಿಗೆ, ಏರಿದ ರಕ್ತದೊತ್ತಡಕ್ಕೆ ಚಿತ್ರ ನೋಡುವುದು ಯಾವ ಸೀಮೆಯ ಮದ್ದು ಎಂದಾರು. ಇದು ಹೊಟ್ಟೆ ತುಂಬಿದ ನಾಡಿನವರ ವಿನೋದ, ಮಳೆ ಬಂದೀತೋ ಇಲ್ಲವೋ ಎಂದು ಆಕಾಶ ನೋಡುವವರಿಗೆ ಸಲ್ಲದ್ದು ಎಂದಾರು. ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ಚಿತ್ರವನ್ನು ನೋಡುವುದು, ಚಿತ್ರವನ್ನು ಬರೆಯುವುದು ಇವೆರಡೂ ನಡಿಗೆ, ಮಿತಾಹಾರ, ನಿದ್ರೆಗಳ ಸಾಲಿನಲ್ಲಿ ನಿಲ್ಲತಕ್ಕ ಆರೋಗ್ಯದ ಅಭ್ಯಾಸಗಳೆಂದೂ, ಅವು ಹಣವಂತರಿಗಾಗಲಿ ಪ್ರತಿಭಾವಂತರಿಗಾಗಲಿ ಮೀಸಲಾದವಲ್ಲವೆಂದೂ, ನಮ್ಮ ಮನೆಗಳಲ್ಲಿ ಇದ್ದೇ ಇದ್ದ ಈ ಅಭ್ಯಾಸ ನಮ್ಮ ಕಣ್ಣೆದುರಿಗೇ ಕಳೆದುಹೋಗುತ್ತಿದೆಯೆಂದೂ ನಾವು ನಂಬಿದ್ದೇವೆ. ಆ ನಂಬಿಕೆಗೆ ಕಾರಣಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಧ್ಯಯನಗಳು ಹೇಳುವುದೇನು?

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವು 2019ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಕಲೆಗೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತು ಅದುವರೆಗೆ ನಡೆದಿದ್ದ 3000ಕ್ಕೂ ಹೆಚ್ಚು ಅಧ್ಯಯನಗಳ ಫಲವನ್ನು ಅದು ಒಟ್ಟಿಗೆ ಇಟ್ಟು ಪರಿಶೀಲಿಸಿತು. ಚಿತ್ರ, ಸಂಗೀತ, ನೃತ್ಯ, ಸಾಹಿತ್ಯ ಮೊದಲಾದ ಕಲೆಗಳು ರೋಗ ಬಾರದಂತೆ ತಡೆಯುವಲ್ಲಿಯೂ, ಬಂದ ರೋಗವನ್ನು ನಿಭಾಯಿಸುವಲ್ಲಿಯೂ ಮನುಷ್ಯನಿಗೆ ನೆರವಾಗಬಲ್ಲವು ಎಂಬುದು ಆ ವರದಿಯ ಸಾರ.

ಅದೇ ವರ್ಷದ ಡಿಸೆಂಬರಿನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇಂಗ್ಲೆಂಡಿನ ಇನ್ನೊಂದು ಅಧ್ಯಯನ ಬಂದಿತು. 50 ವರ್ಷ ದಾಟಿದ 6710 ಜನರ ಬದುಕನ್ನು ಸಂಶೋಧಕರು 14 ವರ್ಷಗಳ ಕಾಲ ಗಮನಿಸಿದ್ದರು. ಚಿತ್ರಪ್ರದರ್ಶನ, ಸಂಗ್ರಹಾಲಯ, ನಾಟಕ, ಸಂಗೀತ ಕಚೇರಿಗಳಿಗೆ ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದವರಲ್ಲಿ, ಎಂದೂ ಹೋಗದವರಿಗಿಂತ, ಆ ಅವಧಿಯಲ್ಲಿ ಮರಣ ಸಂಭವಿಸುವ ಸಾಧ್ಯತೆ ಶೇ. 14ರಷ್ಟು ಕಡಿಮೆಯಿತ್ತು. ಕೆಲವು ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದವರಲ್ಲಿ ಅದು ಶೇ. 31ರಷ್ಟು ಕಡಿಮೆಯಿತ್ತು.

ಇಂಥ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಇದು ಜನರನ್ನು ಗಮನಿಸಿ ಲೆಕ್ಕವಿಟ್ಟ ಅಧ್ಯಯನ, ಪ್ರಯೋಗವಲ್ಲ. ಕೈಕಾಲು ಗಟ್ಟಿಯಿದ್ದವರು, ಕೈಯಲ್ಲಿ ಕಾಸಿದ್ದವರು ಪ್ರದರ್ಶನಗಳಿಗೆ ಹೆಚ್ಚಾಗಿ ಹೋಗುತ್ತಾರೆ. ಅವರು ಹೆಚ್ಚು ಕಾಲ ಬಾಳುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಅನುಕೂಲತೆ, ಶಿಕ್ಷಣ, ಮೊದಲಿದ್ದ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಪೂರ್ತಿಯಾಗಿ ಅಳಿಯಲಿಲ್ಲವೆಂಬುದು ನಿಜ. ಆದರೆ ಒಂದು ಪ್ರದರ್ಶನಕ್ಕೆ ಹೋಗಿ ಬಂದರೆ ಆಯುಷ್ಯ ಇಷ್ಟು ದಿನ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ನಂಬತಕ್ಕದ್ದಲ್ಲ.

ನೋಡುವುದನ್ನು ಬಿಟ್ಟು ಬರೆಯುವುದಕ್ಕೆ ಬಂದರೆ, ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಒಂದು ಚಿಕ್ಕ ಅಧ್ಯಯನ ಬಹಳ ಉಪಯುಕ್ತವಾದ ಸಂಗತಿಯನ್ನು ತಿಳಿಸಿತು. 2016ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 39 ಜನ ವಯಸ್ಕರಿಗೆ ಬಣ್ಣದ ಪೆನ್ನು, ಜೇಡಿಮಣ್ಣು, ಅಂಟಿಸುವ ಕಾಗದಗಳನ್ನು ಕೊಟ್ಟು 45 ನಿಮಿಷ ತಮಗೆ ತೋಚಿದ್ದನ್ನು ಮಾಡಲು ಬಿಟ್ಟರು. ಮೊದಲೂ ಆಮೇಲೂ ಅವರ ಜೊಲ್ಲನ್ನು ಪರೀಕ್ಷಿಸಿ, ಮಾನಸಿಕ ಒತ್ತಡದಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನಿನ ಪ್ರಮಾಣವನ್ನು ಅಳೆದರು. ಸುಮಾರು ಶೇ. 75ರಷ್ಟು ಜನರಲ್ಲಿ ಅದು ಇಳಿದಿತ್ತು. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಮೊದಲು ಚಿತ್ರ ಕಲಿತವರಿಗೂ ಜನ್ಮದಲ್ಲಿ ಕುಂಚ ಹಿಡಿಯದವರಿಗೂ ಇದರಲ್ಲಿ ಭೇದ ಕಾಣಲಿಲ್ಲ. ಚಿತ್ರ ಚೆನ್ನಾಗಿ ಬಂದೀತೋ ಇಲ್ಲವೋ ಎಂಬ ಚಿಂತೆ ಶರೀರಕ್ಕಿಲ್ಲವೆಂದಾಯಿತು.

ಜರ್ಮನಿಯ ಸಂಶೋಧಕರು 2014ರಲ್ಲಿ ಇದನ್ನೇ ಇನ್ನೊಂದು ಬಗೆಯಿಂದ ನೋಡಿದರು. ನೌಕರಿಯಿಂದ ನಿವೃತ್ತರಾದ 28 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 10 ವಾರ ಚಿತ್ರ ಬರೆಯಲು ಕಲಿಸಿದರು. ಇನ್ನೊಂದು ಗುಂಪಿನವರು ಅಷ್ಟೇ ಕಾಲ ಸಂಗ್ರಹಾಲಯದಲ್ಲಿ ಚಿತ್ರಗಳನ್ನು ನೋಡಿ ಅವುಗಳ ಬಗ್ಗೆ ಮಾತನಾಡಿದರು. ಮಿದುಳಿನ ಸ್ಕ್ಯಾನ್ ಮಾಡಿ ಹೋಲಿಸಿದಾಗ, ಕೈಯಾರೆ ಬರೆದವರಲ್ಲಿ ಮಿದುಳಿನ ಕೆಲವು ಭಾಗಗಳ ನಡುವಣ ಸಂಪರ್ಕ ಗಟ್ಟಿಯಾಗಿತ್ತು, ಕಷ್ಟಗಳನ್ನು ತಾಳಿಕೊಳ್ಳುವ ಮನೋಬಲವೂ ಹೆಚ್ಚಿತ್ತು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು 85 ವರ್ಷ ದಾಟಿದ 256 ಜನರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕನ್ನು ತೋರುತ್ತದೆ. ನಡುವಯಸ್ಸಿನಿಂದಲೂ ಚಿತ್ರ, ಶಿಲ್ಪಗಳ ಹವ್ಯಾಸವನ್ನು ಇಟ್ಟುಕೊಂಡು ಬಂದವರಲ್ಲಿ ಮರೆವಿನ ತೊಂದರೆ ತೀರ ಕಡಿಮೆ ಕಂಡುಬಂದಿತ್ತು. ಇವೆಲ್ಲ ಚಿಕ್ಕ ಅಧ್ಯಯನಗಳೇ. ಆದರೆ ಬೇರೆ ಬೇರೆ ಊರಿನವರು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಬಾವಿಯ ಬಳಿ ಸೇರಿದರೆ ಅಲ್ಲಿ ನೀರಿದೆಯೆಂದು ತಿಳಿಯಬಹುದು.

ಹಾಸಿಗೆ ಹಿಡಿದವರ ಕೈಯಲ್ಲಿ ಪೆನ್ಸಿಲ್

ಚಿತ್ರದಿಂದ ಚಿಕಿತ್ಸೆ ಎಂಬ ವಿಚಾರ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ, ರೋಗಿಯ ಹಾಸಿಗೆಯಲ್ಲಿ ಹುಟ್ಟಿದ್ದು. ಏಡ್ರಿಯನ್ ಹಿಲ್ ಎಂಬ ಇಂಗ್ಲೆಂಡಿನ ಚಿತ್ರಕಾರರಿಗೆ ಕ್ಷಯ ತಗುಲಿ 1938ರಲ್ಲಿ ಅವರು ಮಿಡ್‌ಹರ್ಸ್ಟ್ ಎಂಬಲ್ಲಿಯ ಆರೋಗ್ಯಧಾಮವನ್ನು ಸೇರಿದರು. ಕ್ಷಯಕ್ಕೆ ಆಗ ಖಚಿತವಾದ ಮದ್ದಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ತಿಂಗಳುಗಟ್ಟಲೆ ಮಲಗಿರಬೇಕು, ಕೆಮ್ಮಬೇಕು, ಕಾಯಬೇಕು. ಹಿಲ್ ಅವರು ಮಲಗಿದಲ್ಲಿಯೇ ಹತ್ತಿರದ ಸಣ್ಣಪುಟ್ಟ ವಸ್ತುಗಳನ್ನು ಬರೆಯತೊಡಗಿದರು. ಮನಸ್ಸು ರೋಗವನ್ನು ಬಿಟ್ಟು ಬೇರೆ ಕಡೆಗೆ ನೆಟ್ಟದ್ದರಿಂದ ತಮಗಾದ ಉಪಕಾರವನ್ನು ಅವರು ಗುರುತಿಸಿ ಬೇರೆ ರೋಗಿಗಳಿಗೂ, ಆಮೇಲೆ ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಚಿತ್ರ ಬರೆಯಲು ಹೇಳಿಕೊಟ್ಟರು. ‘ಕಲಾಚಿಕಿತ್ಸೆ’ ಎಂಬರ್ಥದ ಇಂಗ್ಲಿಷ್ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಅವರೇ.

ಫ್ರಾನ್ಸಿನ ಹೆಸರಾಂತ ಚಿತ್ರಕಾರ ಆನ್ರಿ ಮಾತಿಸ್ ಅವರಿಗೆ 1941ರಲ್ಲಿ ಹೊಟ್ಟೆಯ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಯಿತು. ಚಿತ್ರದ ಚೌಕಟ್ಟಿನ ಮುಂದೆ ಬಹಳ ಹೊತ್ತು ನಿಲ್ಲುವ ಶಕ್ತಿ ಹೋಯಿತು. ಅವರು ಕುರ್ಚಿಯಲ್ಲಿ, ಹಾಸಿಗೆಯಲ್ಲಿ ಕುಳಿತೇ ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಅಂಟಿಸುವ ಹೊಸ ಬಗೆಯನ್ನು ಹಿಡಿದರು. ಮುಂದೆ ಬದುಕಿದ್ದ 13 ವರ್ಷಗಳಲ್ಲಿ ಅವರ ಬಹು ದೊಡ್ಡ ಕೃತಿಗಳು ಆ ಕತ್ತರಿಯಿಂದಲೇ ಬಂದವು. ಮಾತಿಸರ ಪ್ರತಿಭೆ ನಮಗಿಲ್ಲ. ಆದರೆ ಪಾರ್ಶ್ವವಾಯುವಾದ ತಂದೆಗೆ, ಡಯಾಲಿಸಿಸ್‌ಗೆ ಹೋಗಿ ಬರುವ ಅಕ್ಕನಿಗೆ, ಮಗನನ್ನು ಕಳೆದುಕೊಂಡು ಮೂಲೆ ಹಿಡಿದ ತಾಯಿಗೆ ಇಡೀ ದಿನ ಗೋಡೆ ನೋಡುವುದರ ಬದಲು ಕೈಗೆ ಒಂದು ಕೆಲಸ ಬೇಕು. ಆ ಕೆಲಸ ದಣಿವು ತರಬಾರದು, ತಪ್ಪಾದರೆ ಬೈಯುವವರಿರಬಾರದು, ನಾಳೆ ಮುಂದುವರಿಸಲು ಏನಾದರೂ ಉಳಿದಿರಬೇಕು. ಚಿತ್ರ ಬರೆಯುವ ಹವ್ಯಾಸದಲ್ಲಿ ಈ ಮೂರೂ ಇವೆ.

ಮನೆಯಲ್ಲಿಯೇ ಇದ್ದ ಚಿತ್ರಶಾಲೆ

ಇದೆಲ್ಲ ಪರದೇಶದ ಮಾತಾಯಿತು ಎಂದು ಯಾರೂ ತಿಳಿಯಬಾರದು. ನಮ್ಮ ನಾಡಿನಲ್ಲಿ ಪ್ರತಿ ಮನೆಯೂ ಒಂದು ಚಿತ್ರಶಾಲೆಯಾಗಿತ್ತು.

ಕಸೂತಿಯನ್ನೇ ನೋಡೋಣ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಸೆರಗಿನ ಮೇಲೆ, ಕುಪ್ಪಸದ ಮೇಲೆ, ಕೂಸಿನ ಕುಂಚಿಗೆ ಕುಲಾಯಿಗಳ ಮೇಲೆ ಹಾಕುತ್ತಿದ್ದ ಕಸೂತಿಗೆ ಮೊದಲೇ ಬರೆದ ಗೆರೆಯಿಲ್ಲ, ಅಚ್ಚಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿಯೇ ಗೋಪುರ, ತೇರು, ಅಂಬಾರಿಯ ಆನೆ, ನವಿಲುಗಳನ್ನು ಮೂಡಿಸಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆಗಳು. ಗವಂತಿಯಲ್ಲಿ ಸೂಜಿ ಮುಂದೆ ಹೋಗುವಾಗ ಬಿಟ್ಟ ಜಾಗವನ್ನು ಮರಳಿ ಬರುವಾಗ ತುಂಬುತ್ತದೆ. ಬಟ್ಟೆಯನ್ನು ಮಗುಚಿದರೆ ಒಳಗೂ ಹೊರಗೂ ಒಂದೇ ಚಿತ್ರ. ಎಣಿಕೆ ತಪ್ಪಿದರೆ ಚಿತ್ರ ತಪ್ಪುತ್ತದೆಯಾದ್ದರಿಂದ ಆ ಹೊತ್ತಿನಲ್ಲಿ ಮನಸ್ಸು ಬೇರೆಲ್ಲಿಗೂ ಓಡುವಂತಿಲ್ಲ. ಇಂದು ಹಣ ತೆತ್ತು ಶಿಬಿರಗಳಲ್ಲಿ ಕಲಿಯುವ ಏಕಾಗ್ರತೆಯನ್ನು ನಮ್ಮ ಅಜ್ಜಿಯಂದಿರು ಮಧ್ಯಾಹ್ನದ ಬಿಡುವಿನಲ್ಲಿ ಪಡಸಾಲೆಯಲ್ಲಿ ಕುಳಿತು ಪಡೆಯುತ್ತಿದ್ದರು.

ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಮನೆಮನೆಯಲ್ಲಿ ಎರೆಮಣ್ಣನ್ನು ನಾದಿ ಜೋಡೆತ್ತು ಮಾಡುತ್ತಿದ್ದರು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬೆಯಿಂದ ಸಿಂಗರಿಸುತ್ತಿದ್ದರು. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಹಸೆಚಿತ್ತಾರ ಬರೆಯುತ್ತ ಬಂದಿದ್ದಾರೆ. ಬೆಳಗಾದರೆ ಅಂಗಳದಲ್ಲಿ ರಂಗೋಲಿ ಇತ್ತು. ಇವರಲ್ಲಿ ಯಾರೂ ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳಲಿಲ್ಲ. ಮಣ್ಣಿನ ಎತ್ತಿನ ಕೊಂಬು ಸೊಟ್ಟಗಾದರೆ ಮಕ್ಕಳು ನಗುತ್ತಿದ್ದರು, ಮತ್ತೆ ಮಾಡುತ್ತಿದ್ದರು.

ಈಗ ಹೊಸ್ತಿಲಿಗೆ ರಂಗೋಲಿಯ ಸ್ಟಿಕ್ಕರ್ ಬಂದಿದೆ. ಮಣ್ಣೆತ್ತು ಸಂತೆಯಲ್ಲಿ ಸಿದ್ಧವಾಗಿ ಸಿಗುತ್ತದೆ. ಕಸೂತಿಯಂತೆ ಕಾಣುವುದನ್ನು ಯಂತ್ರ ಹೊಲಿದು ಕೊಡುತ್ತದೆ. ಹಲವು ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಿಲ್ಲ. ಇದ್ದಲ್ಲಿಯೂ ಪರೀಕ್ಷೆ ಹತ್ತಿರ ಬಂದರೆ ಚಿತ್ರದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುತ್ತಾರೆ. ಏಳನೆಯ ತರಗತಿಯವರೆಗೆ ಗೋಡೆಯ ಮೇಲೆಲ್ಲ ಬರೆದ ಮಗು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ‘ನನಗೆ ಚಿತ್ರ ಬರುವುದಿಲ್ಲ’ ಎನ್ನುತ್ತದೆ. ಆ ಮಾತನ್ನೇ ಅದು 60ನೆಯ ವಯಸ್ಸಿನಲ್ಲಿಯೂ ಹೇಳುತ್ತದೆ. ಅನುಕೂಲಗಳನ್ನು ನಾವು ಹಳಿಯುವುದಿಲ್ಲ. ದುಡಿಯುವ ಹೆಣ್ಣುಮಗಳಿಗೆ ಸಿದ್ಧವಸ್ತುವಿನಿಂದ ಅರ್ಧ ಗಂಟೆ ಉಳಿಯುವುದು ಒಳ್ಳೆಯದೇ. ಆದರೆ ಉಳಿದ ಆ ಅರ್ಧ ಗಂಟೆ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಬಹುತೇಕ ಮನೆಗಳಲ್ಲಿ ಉತ್ತರ ಒಂದೇ: ಮೊಬೈಲ್ ಫೋನಿಗೆ. ಕೈ ಮಾಡುತ್ತಿದ್ದ ಕೆಲಸವನ್ನು ಹೆಬ್ಬೆರಳೊಂದೇ ಮಾಡುತ್ತಿದೆ.

ಮೂರು ಆಕ್ಷೇಪಗಳು

ಮೊದಲನೆಯ ಆಕ್ಷೇಪ ಕಾಲದ್ದು. ಕಾಯಕವನ್ನು ದೊಡ್ಡದೆಂದು ನಂಬಿದ ಮನೆಗಳಲ್ಲಿ ಲಾಭವಿಲ್ಲದೆ ಗೆರೆ ಎಳೆಯುತ್ತ ಕೂಡುವುದು ಸೋಮಾರಿತನವಾಗಿ ಕಾಣುತ್ತದೆ. ಆದರೆ ದುಡಿಯುವ ಕೈಗೇ ವಿಶ್ರಾಂತಿಯ ಅಗತ್ಯ ಹೆಚ್ಚು, ಮತ್ತು ವಿಶ್ರಾಂತಿಯೆಂದರೆ ಬರಿದೆ ಬಿದ್ದುಕೊಳ್ಳುವುದಲ್ಲ; ಬೇರೊಂದರಲ್ಲಿ ಮನಸ್ಸಿಟ್ಟರೆ ದಣಿದ ಮನಸ್ಸು ಬೇಗ ತಿಳಿಯಾಗುತ್ತದೆ. ಇಂಗ್ಲೆಂಡಿನ ವಿನ್‌ಸ್ಟನ್ ಚರ್ಚಿಲ್ 1915ರಲ್ಲಿ ಗಲಿಪೊಲಿ ಯುದ್ಧದ ಸೋಲಿನ ಹೊಣೆ ತಲೆಯ ಮೇಲೆ ಬಂದು ಅಧಿಕಾರ ಕಳೆದುಕೊಂಡಾಗ, 40ರ ವಯಸ್ಸಿನಲ್ಲಿ, ಮೊದಲ ಬಾರಿಗೆ ಕುಂಚ ಹಿಡಿದರು. ಅವರ ರಾಜಕಾರಣದ ಬಗ್ಗೆ ಭಾರತೀಯರಾದ ನಮಗೆ ಅನೇಕ ಆಕ್ಷೇಪಗಳಿವೆ. ಆದರೆ ಅವರು ಕೆಲಸಗೇಡಿಯಾಗಿದ್ದರೆಂದು ಯಾರೂ ಹೇಳಲಾರರು. ಕವಿದ ಖಿನ್ನತೆಯಿಂದ ತಮ್ಮನ್ನು ಹೊರಕ್ಕೆ ತಂದ ಹವ್ಯಾಸವೆಂದು ಅವರು ಅದನ್ನು ಕೊನೆಯವರೆಗೂ ಇಟ್ಟುಕೊಂಡಿದ್ದರು.

ಎರಡನೆಯ ಆಕ್ಷೇಪ ವಯಸ್ಸಿನದು. ರವೀಂದ್ರನಾಥ ಠಾಕೂರರು ಚಿತ್ರಕಲೆಯನ್ನು ಮನವಿಟ್ಟು ಹಿಡಿದದ್ದು 60 ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಬೇಡವಾದ ಪದಗಳನ್ನು ಹೊಡೆದುಹಾಕಿದ ಗೀಚುಗಳನ್ನೇ ಜೋಡಿಸುತ್ತ ಹೋಗಿ ಅವರು ಚಿತ್ರಕ್ಕೆ ಬಂದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಪ್ರದರ್ಶನವಾಯಿತು. ತೀರಿಕೊಳ್ಳುವ ಹೊತ್ತಿಗೆ 2000ಕ್ಕೂ ಹೆಚ್ಚು ಚಿತ್ರಗಳನ್ನು ಅವರು ಬರೆದಿದ್ದರು.

ಮೂರನೆಯದು ಖರ್ಚಿನದು. ಒಂದು ಪೆನ್ಸಿಲ್, ರದ್ದಿ ಕಾಗದದ ಹಿಂಬದಿ, ಮಕ್ಕಳ ಮೇಣದ ಬಣ್ಣದ ಪೆಟ್ಟಿಗೆ ಇಷ್ಟಿದ್ದರೆ ವರ್ಷವೆಲ್ಲ ಬರೆಯಬಹುದು. ಹೊಲದ ಮಣ್ಣಿಗೆ ಆ ಖರ್ಚೂ ಇಲ್ಲ. ಚಿತ್ರಕಲೆ ಶ್ರೀಮಂತರದಾಗಿ ಕಾಣುವುದು ಮಾರಾಟದ ಬೆಲೆ ಸುದ್ದಿಯಾಗುವುದರಿಂದ. ಬರೆಯುವುದಕ್ಕೂ ನೋಡುವುದಕ್ಕೂ ಆ ಬೆಲೆಗೂ ಸಂಬಂಧವಿಲ್ಲ.

ನೋಡುವ ಬಗೆ

ಪ್ರದರ್ಶನಗಳಿಗೆ ಹೋಗುವವರೂ ನಿಜವಾಗಿ ನೋಡುತ್ತಾರೆಯೇ ಎಂಬುದು ಬೇರೆಯೇ ಪ್ರಶ್ನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಜನ ಒಂದು ಚಿತ್ರದ ಮುಂದೆ ನಿಲ್ಲುವ ಕಾಲ ಸರಾಸರಿ 27 ಸೆಕೆಂಡು ಮಾತ್ರ. ಅಮೆರಿಕದ್ದೇ ಇನ್ನೊಂದು ಅಧ್ಯಯನದಲ್ಲಿ, ವಸ್ತುಗಳ ಫೋಟೋ ತೆಗೆಯುತ್ತ ಹೋದವರಿಗೆ, ಸುಮ್ಮನೆ ನೋಡಿದವರಿಗಿಂತ ಕಡಿಮೆ ನೆನಪುಳಿದಿತ್ತು. ನೋಡುವ ಕೆಲಸವನ್ನು ಫೋನಿಗೆ ವಹಿಸಿದರೆ ಮನಸ್ಸು ತನ್ನ ಪಾಲಿನ ಕೆಲಸವನ್ನು ಬಿಟ್ಟುಬಿಡುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಎಸ್.ಎಲ್. ಹಲ್ದಂಕರ್ ಅವರು ಬರೆದ ದೀಪಧಾರಿಣಿಯ ಚಿತ್ರವಿದೆ. ಬಹಳ ಜನ ಅದನ್ನು ರವಿವರ್ಮರ ಕೃತಿಯೆಂದೇ ತಿಳಿದು, ಒಮ್ಮೆ ನೋಡಿ, ಚೆಂದವಿದೆಯೆಂದು ಮುಂದೆ ಸಾಗುತ್ತಾರೆ. ಮೂರು ನಿಮಿಷ ನಿಂತು ನೋಡಿದರೆ ಚಿತ್ರ ಬೇರೆಯಾಗುತ್ತದೆ. ದೀಪಕ್ಕೆ ಮರೆಯಾಗಿ ಹಿಡಿದ ಅಂಗೈಯ ಬೆರಳುಗಳು ಬೆಳಕಿಗೆ ಕೆಂಪಾಗಿರುವುದು ಕಾಣುತ್ತದೆ. ಮುಖದ ಮೇಲೆ ಬೆಳಕು ಎಲ್ಲಿಗೆ ಮುಗಿದು ಕತ್ತಲು ಎಲ್ಲಿ ತೊಡಗಿತೆಂದು ಕಣ್ಣು ಹುಡುಕುತ್ತದೆ. ಅದು ಜಲವರ್ಣವೆಂದು ತಿಳಿದಾಗ ಬೆರಗು ಇಮ್ಮಡಿಸುತ್ತದೆ, ಏಕೆಂದರೆ ಜಲವರ್ಣದಲ್ಲಿ ಒಮ್ಮೆ ಕತ್ತಲಾದದ್ದನ್ನು ಮರಳಿ ಬೆಳಕು ಮಾಡುವುದು ಬಹು ಕಷ್ಟ. ಹೀಗೆ ನಿಂತಷ್ಟು ಹೊತ್ತು ನಮ್ಮ ಉಸಿರು ನಿಧಾನವಾಗಿರುತ್ತದೆ, ಮನೆಯ ಚಿಂತೆ ಹಿಂದೆ ಸರಿದಿರುತ್ತದೆ.

ಆದ್ದರಿಂದ ಪ್ರದರ್ಶನಕ್ಕೆ ಹೋದಾಗ ಎಲ್ಲವನ್ನೂ ನೋಡಿಬಿಡುವ ಹಟ ಬೇಡ. ಮೊದಲು ಒಂದು ಸುತ್ತು ಹಾಕಿ, ಮನಸ್ಸು ಹಿಡಿದ ನಾಲ್ಕೈದನ್ನು ಆರಿಸಿಕೊಂಡು ಅವುಗಳ ಮುಂದೆ ನಿಲ್ಲಬೇಕು. ಚಿತ್ರದ ಕೆಳಗಿನ ಬರಹವನ್ನು ಆಮೇಲೆ ಓದಬೇಕು. ಬೆಳಕು ಯಾವ ಕಡೆಯಿಂದ ಬಂದಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಂಬಷ್ಟನ್ನು ಕೇಳಿಕೊಂಡರೆ ಸಾಕು, ಪಂಡಿತರಾಗಬೇಕಿಲ್ಲ. ಕಾಲು ಸೋತರೆ ಕುಳಿತುಕೊಳ್ಳಬೇಕು. ಜೊತೆಗಿದ್ದವರೊಡನೆ ಮಾತನಾಡಬೇಕು. ಒಂಟಿಯಾಗಿರುವ ಹಿರಿಯರಿಗೆ ಈ ಮಾತುಕತೆಯ ಉಪಕಾರ ಚಿತ್ರದ ಉಪಕಾರಕ್ಕಿಂತ ಕಡಿಮೆಯದಲ್ಲ.

ನೋಡಲು ಸ್ಥಳಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತ ಬಂದಿರುವ ಚಿತ್ರಸಂತೆಯಲ್ಲಿ ರಸ್ತೆಯೇ ಪ್ರದರ್ಶನಾಲಯ. ಚಿತ್ರಕಾರರು ಅಲ್ಲೇ ಕುಳಿತಿರುತ್ತಾರೆ, ಕೊಳ್ಳದಿದ್ದರೂ ಮಾತನಾಡಿಸಬಹುದು. ಅದೇ ನಗರದಲ್ಲಿ ವೆಂಕಟಪ್ಪ ಚಿತ್ರಶಾಲೆ ಇದೆ, ಆ ಕೆ. ವೆಂಕಟಪ್ಪನವರು ಚಿತ್ರದ ಜೊತೆಗೆ ವೀಣೆಯನ್ನೂ ಶ್ರದ್ಧೆಯಿಂದ ಕಲಿತವರು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರು ರೂಪಿಸಿದ ಉದ್ಯಾನದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕೇ ಶಿಲ್ಪವಾಗಿ ನಿಂತಿದೆ. ಹಂಪಿಗೆ ಹೋದವರು ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ಒಮ್ಮೆ ತಲೆಯೆತ್ತಿದರೆ ಚಾವಣಿಯೆಲ್ಲ ಚಿತ್ರ. ಡಾ. ಎಸ್.ಎಂ. ಪಂಡಿತರ ಊರಾದ ಕಲಬುರಗಿ, ಡಿ.ವಿ. ಹಾಲಭಾವಿಯವರು ಚಿತ್ರಶಾಲೆ ಕಟ್ಟಿದ ಧಾರವಾಡ, ದಾವಣಗೆರೆ ಮೊದಲಾದ ಊರುಗಳಲ್ಲಿ ಕಲಾ ಮಹಾವಿದ್ಯಾಲಯಗಳಿವೆ. ಅಲ್ಲಿಯ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಊರಿನವರು ಹೋದರೆ ಇಬ್ಬರಿಗೂ ಒಳಿತು.

ಕೆಲವು ಎಚ್ಚರಿಕೆಗಳು

ಆರೋಗ್ಯದ ಅಂಕಣದಲ್ಲಿ ಬರೆಯುವಾಗ ಅಪಾಯಗಳನ್ನೂ ಹೇಳಬೇಕು. ಕೆಲವು ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷಕಾರಿ ಲೋಹಗಳಿರುತ್ತವೆ. ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡಬಾರದು. ಬಣ್ಣದ ಕೈಯಲ್ಲಿ ತಿನ್ನಬಾರದು. ಮಕ್ಕಳಿಗೆ ವಿಷರಹಿತವೆಂದು ನಮೂದಿಸಿದ ಬಣ್ಣಗಳನ್ನೇ ಕೊಡಬೇಕು. ತೈಲವರ್ಣಕ್ಕೆ ಬಳಸುವ ಟರ್ಪೆಂಟೈನ್ ಎಣ್ಣೆಯ ಆವಿ ಉಬ್ಬಸವಿದ್ದವರಿಗೆ ಕೆಟ್ಟದ್ದು; ಕಿಟಕಿ ತೆರೆದಿರಬೇಕು, ಇಲ್ಲವೇ ಜಲವರ್ಣವನ್ನು ಆಯ್ದುಕೊಳ್ಳಬೇಕು. ಕಸೂತಿಯಂಥ ಸೂಕ್ಷ್ಮ ಕೆಲಸವನ್ನು ಹಗಲಿನ ಬೆಳಕಿನಲ್ಲಿ ಮಾಡಬೇಕು. 20 ನಿಮಿಷಕ್ಕೊಮ್ಮೆ ಸುಮಾರು 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಕಣ್ಣಿಗೆ ವಿರಾಮ ಕೊಡಬೇಕು. ಮಧುಮೇಹಿಗಳು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು.

ಬಣ್ಣಗಳು ಮೊದಲಿನಂತೆ ಕಾಣದೆ ಮಾಸಿದಂತೆ, ಹಳದಿಗಟ್ಟಿದಂತೆ ತೋರಿದರೆ ಕಣ್ಣಿನ ವೈದ್ಯರನ್ನು ಕಾಣಬೇಕು. ಅದು ಕಣ್ಣಿನ ಪೊರೆಯ ಲಕ್ಷಣವಾಗಿರಬಹುದು. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆಗೆ 1912ರಲ್ಲಿ ಪೊರೆ ಇರುವುದು ಗೊತ್ತಾದರೂ ಅವರು ಹೆದರಿ ಶಸ್ತ್ರಚಿಕಿತ್ಸೆಯನ್ನು 1923ರವರೆಗೆ ಮುಂದೂಡಿದರು. ಆ ನಡುವಿನ ಅವರ ಚಿತ್ರಗಳಲ್ಲಿ ಕಂದು, ಕೆಂಪು ಬಣ್ಣಗಳೇ ತುಂಬಿಕೊಂಡವು. ಇಂದು ಅಷ್ಟು ಕಾಯುವ ಕಾರಣವಿಲ್ಲ.

ಚಿತ್ರ ಬರೆಯುವುದು ಚಿಕಿತ್ಸೆಗೆ ಜೊತೆಯಾಗಬಲ್ಲದು, ಬದಲಿಯಾಗಲಾರದು. ತೀವ್ರ ಖಿನ್ನತೆಯುಳ್ಳವರನ್ನು, ಬದುಕು ಬೇಡವೆನ್ನುವವರನ್ನು ಬಣ್ಣದ ಪೆಟ್ಟಿಗೆ ಕೊಟ್ಟು ಸುಮ್ಮನಿರಿಸುವುದು ತಪ್ಪು. ಅವರನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇನ್ನೊಂದು ಅಪಾಯ ಬಣ್ಣದಲ್ಲಿಲ್ಲ, ನಮ್ಮಲ್ಲಿಯೇ ಇದೆ. ಹವ್ಯಾಸವನ್ನು ಹಿಡಿದ ಎರಡೇ ವಾರಕ್ಕೆ ಅದನ್ನು ಹತ್ತು ಜನರಿಗೆ ಕಳಿಸಿ ಮೆಚ್ಚುಗೆ ಎಣಿಸಲು ತೊಡಗುತ್ತೇವೆ. ಮಗು ಬರೆದರೆ ಸ್ಪರ್ಧೆಗೆ ನೂಕುತ್ತೇವೆ, ಗೃಹಿಣಿ ಬರೆದರೆ ‘ಮಾರಿದರೆ ಎಷ್ಟು ಬಂದೀತು’ ಎನ್ನುತ್ತೇವೆ. ಅಲ್ಲಿಗೆ ಒತ್ತಡ ಇಳಿಸಬೇಕಾದದ್ದೇ ಒತ್ತಡ ಏರಿಸುತ್ತದೆ. ಕಲೆಯಿಂದ ಹೊಟ್ಟೆ ಹೊರೆಯುವವರ ಮಾತು ಬೇರೆ; ಅವರ ದುಡಿಮೆಗೆ ತಕ್ಕ ಬೆಲೆ ಸಿಗಲೇಬೇಕು. ಹವ್ಯಾಸಿಗೆ ಮಾತ್ರ ಯಾರಿಗೂ ತೋರಿಸದೆ ಮುಚ್ಚಿಡುವ ಸ್ವಾತಂತ್ರ್ಯವಿರಲಿ.

ಏನು ಮಾಡಬಹುದು?

ಮನೆಯಲ್ಲಿ ವಾರಕ್ಕೆ ಎರಡು ದಿನ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, 45 ನಿಮಿಷ ಎಲ್ಲರೂ ಒಟ್ಟಿಗೆ ಕುಳಿತು ಏನಾದರೂ ಬರೆಯಲಿ, ನಾದಲಿ, ಹೊಲಿಯಲಿ. ಎದುರಿಗಿರುವ ತಂಬಿಗೆಯೇ ಮೊದಲ ಪಾಠವಾದೀತು. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಕೊಳ್ಳದೆ ಮಕ್ಕಳ ಕೈಯಿಂದ ಮಾಡಿಸಲಿ. ಕಸೂತಿ ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಂದ ಗವಂತಿಯೊಂದನ್ನಾದರೂ ಕಲಿತುಕೊಳ್ಳಲಿ. ಕಲಿಸುವ ಕೆಲಸ ಸಿಕ್ಕ ಹಿರಿಯರಿಗೆ ತಾವು ಬೇಡವಾದವರೆಂಬ ಕೊರಗು ಉಳಿಯುವುದಿಲ್ಲ.

ಶಾಲೆಗಳನ್ನು ನಡೆಸುವವರಲ್ಲಿ ನಮ್ಮ ವಿನಂತಿ ಒಂದೇ: ಚಿತ್ರದ ಅವಧಿಯನ್ನು ಬೇರೆ ಪಾಠಕ್ಕೆ ತೆಗೆದುಕೊಳ್ಳಬೇಡಿರಿ. ಸಮುದಾಯ ಭವನಗಳನ್ನು ನೋಡಿಕೊಳ್ಳುವವರು ಮದುವೆಯಿಲ್ಲದ ದಿನಗಳಲ್ಲಿ ಒಂದು ಗೋಡೆಯನ್ನು ಊರವರ ಚಿತ್ರಗಳಿಗೆ ಬಿಟ್ಟುಕೊಡಲಿ. ಆಸ್ಪತ್ರೆಗಳಲ್ಲಿ ಸರದಿಗಾಗಿ ಗಂಟೆಗಟ್ಟಲೆ ಕಾಯುವವರ ಎದುರಿಗೆ ರೋಗಗಳ ಭಿತ್ತಿಪತ್ರವೊಂದನ್ನೇ ತೂಗಿಸದೆ ಒಂದು ಒಳ್ಳೆಯ ಚಿತ್ರವನ್ನೂ ತೂಗಿಸಲಿ. ಇವಾವುದಕ್ಕೂ ದೊಡ್ಡ ಹಣ ಬೇಕಿಲ್ಲ, ಸರ್ಕಾರದ ಆದೇಶ ಬೇಕಿಲ್ಲ.

ಮಾಂಟ್ರಿಯಲ್ಲಿನಂತೆ ಚೀಟಿ ಬರೆದುಕೊಡುವ ವೈದ್ಯರು ನಮ್ಮ ತಾಲ್ಲೂಕುಗಳಿಗೆ ಬರುವುದಕ್ಕೆ ಕಾಲ ಬೇಕಾದೀತು. ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ. ಮಗುವಿನ ಶಾಲೆಯ ಚೀಲದಲ್ಲಿ ಬಣ್ಣದ ಪೆಟ್ಟಿಗೆ ಇದೆ, ಹಳೆಯ ಕ್ಯಾಲೆಂಡರಿನ ಹಿಂಬದಿ ಬೆಳ್ಳಗಿದೆ. ಇಂದು ಸಂಜೆಯೇ ಆರಂಭಿಸಬಹುದು.